ತೋಳಿನ ಮೇಲಿನ ಮುಳ್ಳುಗುಳ್ಳೆ: ಎಷ್ಟು ತಿಕ್ಕಿದರೂ ಹೋಗ್ತಿಲ್ಲ, ಏನು ಮಾಡಲಿ?

ಬಿಸಿಲೂರ_ಮಗಳು (ಕಲಬುರಗಿ) · ನವೆಂಬರ್ 24

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಸುಮ್ನೆ ಓದ್ತಾ ಇದ್ದೆ, ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ನನಗೆ 26 ವರ್ಷ. ಎರಡೂ ತೋಳಿನ ಹಿಂಭಾಗದಲ್ಲಿ, ಭುಜದಿಂದ ಮೊಣಕೈ ತನಕ, ಸಣ್ಣ ಸಣ್ಣ ಗುಳ್ಳೆಗಳಿವೆ. ತೊಡೆ ಮೇಲೂ ಒಂದಿಷ್ಟು. ತುರಿಕೆ ಇಲ್ಲ, ನೋವಿಲ್ಲ, ಕೀವಿಲ್ಲ. ಕೈ ಆಡಿಸಿದರೆ ಮಾತ್ರ ಬಡಿಗೇರರ ಪಾಲಿಶ್ ಪೇಪರ್ ಮುಟ್ಟಿದ ಹಾಗೆ ಖರಖರ ಅನ್ನುತ್ತದೆ. ಎಂಟನೇ ಕ್ಲಾಸಿನಿಂದ ಹೀಗೇ ಇದೆ. ಚಳಿಗಾಲ ಬಂತೆಂದರೆ ಇನ್ನೂ ಜಾಸ್ತಿ.

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮೊನ್ನೆ ಮನೆ ತುಂಬ ನೆಂಟರು ಕೂತಾಗ ನನ್ನ ಕೈ ಹಿಡಿದು, "ಏನವ್ವಾ ಇದು, ಪುಕ್ಕ ಕಿತ್ತ ಕೋಳಿಯಂಗ ಕಾಣ್ಲಿಕತ್ತದ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಹೀರೆಕಾಯಿ ನಾರಿನಿಂದ ತೋಳು ಕೆಂಪಾಗುವ ತನಕ ತಿಕ್ಕಿದೆ.

ಇಲ್ಲಿವರೆಗೆ ಮಾಡಿದ್ದು: ಕಡಲೆಹಿಟ್ಟು, ಉಪ್ಪು-ನಿಂಬೆ, ಬೇವಿನ ಸೊಪ್ಪಿನ ನೀರು, ಪಕ್ಕದ ಅಂಗಡಿಯವರು ಕೊಟ್ಟ ಒಂದು ಟ್ಯೂಬ್. ಟ್ಯೂಬ್ ಹಚ್ಚಿದ ವಾರ ಚೆನ್ನಾಗಿತ್ತು, ಬಿಟ್ಟ ಮೇಲೆ ಮೊದಲಿನಂತೆ.

ಮಾರ್ಚ್‌ನಲ್ಲಿ ಮದುವೆ. ಸುರಗಿ ದಿನ ತೋಳಿಗೆಲ್ಲ ಅರಿಶಿಣ ಹಚ್ಚುವಾಗ ಇಡೀ ಓಣಿಯ ಹೆಂಗಸರು ಮುಟ್ಟಿ ನೋಡ್ತಾರೆ. ಅಷ್ಟರೊಳಗೆ ಹೋಗುತ್ತಾ? ಯಾರಿಗಾದರೂ ಪೂರ್ತಿ ಹೋಗಿದೆಯಾ?

ತೊಗರಿಬ್ಯಾಳಿ (ಕಲಬುರಗಿ)

ಅಯ್ಯೋ, ನನಗೂ ಇದೇ! ನನಗೊಬ್ಬಳಿಗೇ ಅಂದುಕೊಂಡಿದ್ದೆ. ಹದಿನೈದು ವರ್ಷದಿಂದ ಉದ್ದ ತೋಳಿನ ಚೂಡಿದಾರ್ ಹಾಕ್ತಿದ್ದೇನೆ. ಅದೂ ಈ ಊರಿನ ಮೇ ತಿಂಗಳಲ್ಲಿ. ನನ್ನ ಕಥೆ ನೀವೇ ಬರೆದ ಹಾಗಿದೆ.

ಫರ್ಸಿಕಲ್ಲು (ಸೇಡಂ)

ಉಷ್ಣ ರೀ ಅದು. ರಾತ್ರಿ ಕಾಮಕಸ್ತೂರಿ ಬೀಜ ನೆನೆಹಾಕಿ ಬೆಳಿಗ್ಗೆ ಕುಡೀರಿ. ಒಂದು ತಿಂಗಳಲ್ಲಿ ಹೋಗುತ್ತದೆ.

ತೊಗರಿಬ್ಯಾಳಿ

ಉಷ್ಣ ಆಗಿದ್ದರೆ ಚಳಿಗಾಲದಲ್ಲಿ ಯಾಕೆ ಜಾಸ್ತಿ ಆಗುತ್ತೆ ಅಣ್ಣಾ?

ಫರ್ಸಿಕಲ್ಲು

ಒಳಗಿನ ಉಷ್ಣ.

ಹುಮನಾಬಾದ್_ವೈನಿ (ಬೀದರ್ ಜಿಲ್ಲೆ)

ನಂಜು ಇರಬೇಕು ತಂಗಿ. ಬದನೆಕಾಯಿ, ಮೊಟ್ಟೆ, ಒಣಮೀನು ಬಿಡು. ನಮ್ಮ ಅತ್ತೆ ಬೇವಿನ ರಸ ಕುಡಿಸಿ ಮೈದುನನ ಮೈಮೇಲಿನ ಗುಳ್ಳೆ ಎಲ್ಲ ತೆಗೆದಿದ್ದರು. ರಕ್ತ ಕೆಟ್ಟರೆ ಹೀಗೆಲ್ಲ ಏಳುತ್ತವೆ.

ಇನ್ನೂ_ಡಾಕ್ಟ್ರಲ್ಲ

ರಕ್ತ ಕೆಟ್ಟಿಲ್ಲ, ಉಷ್ಣವೂ ಅಲ್ಲ. ದಯವಿಟ್ಟು ಯಾರೂ ಊಟದಲ್ಲಿ ಇದ್ದಬದ್ದದ್ದನ್ನೆಲ್ಲ ಬಿಡಬೇಡಿ.

ನಾನು ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ, ಹೆಸರೇ ಹೇಳುವಂತೆ ಇನ್ನೂ ಪೂರ್ತಿ ತಜ್ಞ ಅಲ್ಲ. ನೋಡದೆ ಇದೇ ಅಂತ ಹೇಳೋದು ತಪ್ಪು. ಆದರೆ ಅಕ್ಕ ಬರೆದ ಪ್ರತಿ ಸಾಲೂ ಕೆರಟೋಸಿಸ್ ಪಿಲಾರಿಸ್ ಕಡೆಗೇ ಬೆರಳು ತೋರಿಸುತ್ತದೆ. ತೋಳಿನ ಹಿಂದೆ, ತೊಡೆ ಮೇಲೆ, ಎರಡೂ ಕಡೆ ಸಮ, ತುರಿಕೆ ಇಲ್ಲ, ಹರೆಯಕ್ಕೆ ಬರುವಾಗ ಜಾಸ್ತಿ, ಚಳಿಯಲ್ಲಿ ಇನ್ನೂ ಜಾಸ್ತಿ.

ಒಳಗೆ ಆಗೋದು ಇಷ್ಟೇ. ಕೂದಲು ಹೊರಗೆ ಬರುವ ಸಣ್ಣ ತೂತಿನ ಬಾಯಿಗೆ ಕೆರಟಿನ್ ಗಟ್ಟಿಯಾಗಿ ಬಿರಡೆ ಹಾಕಿದ ಹಾಗೆ ಕೂರುತ್ತದೆ. ಕೆರಟಿನ್ ಬೇರೆ ಏನೂ ಅಲ್ಲ, ನಮ್ಮ ಉಗುರು, ಕೂದಲು ಆಗಿರೋದು ಅದರಿಂದಲೇ. ಕೆಲವು ಗುಳ್ಳೆಯೊಳಗೆ ಹೊರಬರಲಾಗದ ಕೂದಲು ಸುರುಳಿ ಸುತ್ತಿಕೊಂಡು ಕೂತಿರುತ್ತದೆ. ಕೊಳೆ ಅಲ್ಲ. ಅಂಟುರೋಗವೂ ಅಲ್ಲ. ಒಬ್ಬರ ಟವೆಲಿನಿಂದ ಇನ್ನೊಬ್ಬರಿಗೆ ಬರಲ್ಲ. ಹದಿಹರೆಯದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ, ದೊಡ್ಡವರಲ್ಲಿ ನೂರಕ್ಕೆ 40 ಜನರಿಗೆ ಇರುತ್ತದೆ ಅಂತ ನಮ್ಮ ಪಠ್ಯಗಳಲ್ಲಿದೆ. ವಯಸ್ಸಾದಂತೆ ಸುಮಾರು ಜನರಲ್ಲಿ ತಾನಾಗಿಯೇ ಕಡಿಮೆ ಆಗುತ್ತದೆ.

ಮನೆತನದಲ್ಲಿ ಬರುವಂಥದ್ದು ಇದು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು. ಮೈ ಒಣಗುವವರಿಗೆ, ಚಿಕ್ಕಂದಿನಲ್ಲಿ ಇಸುಬು ಅಥವಾ ಉಬ್ಬಸ ಇದ್ದವರಿಗೆ ಜಾಸ್ತಿ. ಚರ್ಮದಲ್ಲಿ ನೀರಿನಂಶ ಹಿಡಿದಿಡಲು ಫಿಲಾಗ್ರಿನ್ ಅನ್ನುವ ಪ್ರೋಟೀನ್ ಬೇಕು. ಅದರ ಜೀನಿನಲ್ಲಿ ಕೊರತೆ ಇದ್ದರೆ ಮೀನಿನ ಪೊರೆಯಂಥ ಒಣ ಚರ್ಮ ಬರುತ್ತದೆ ಅಂತ 2006ರಲ್ಲಿ ಗೊತ್ತಾಯಿತು. ಆ ಚರ್ಮದವರ ತೋಳಿನಲ್ಲಿ ಈ ಗುಳ್ಳೆಯೂ ಹೆಚ್ಚಾಗಿ ಕಾಣುತ್ತದೆ.

ಪೂರ್ತಿ ಹೋಗುತ್ತಾ ಅಂದರೆ, ಇಲ್ಲ. ಚೆನ್ನಾಗಿ ಹತೋಟಿಗೆ ಬರುತ್ತಾ ಅಂದರೆ, ಹೌದು. ಮೊದಲ ಕೆಲಸ: ಆ ಹೀರೆಕಾಯಿ ನಾರನ್ನು ಪಾತ್ರೆ ತಿಕ್ಕಲು ಕೊಡಿ.

ಬಿಸಿಲೂರ_ಮಗಳು

ಓದಿ ಅಳು ಬಂತು, ನಿಜವಾಗ್ಲೂ. ಇದಕ್ಕೊಂದು ಹೆಸರಿದೆ ಅಂತಲೇ ಗೊತ್ತಿರಲಿಲ್ಲ. ನಾನು ಸರಿಯಾಗಿ ಸ್ನಾನ ಮಾಡಲ್ಲ ಅಂತ ಹಾಸ್ಟೆಲಿನಲ್ಲಿ ಒಬ್ಬಳು ಹೇಳಿದ್ದು ಇವತ್ತಿಗೂ ತಲೆಯಲ್ಲಿದೆ. ಹಾಗಾಗಿಯೇ ಇಷ್ಟು ವರ್ಷ ತಿಕ್ಕಿದ್ದು.

ಗಂಡಸರೂ_ಇದ್ದೇವೆ (ಶಹಾಪುರ)

ಇದು ಹೆಂಗಸರ ಚರ್ಚೆ ಅಂದುಕೊಂಡು ಸುಮ್ಮನಿದ್ದೆ. ತಿಕ್ಕುವ ವಿಷಯ ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ಕಾಲೇಜಿನಲ್ಲಿದ್ದಾಗ ಜಿಮ್ ಶುರು ಮಾಡಿದೆ. ತೋಳಿಲ್ಲದ ಬನಿಯನ್ ಹಾಕಬೇಕು, ತೋಳು ನೋಡಿದರೆ ಗುಳ್ಳೆ. ಹಿಮ್ಮಡಿ ತಿಕ್ಕುವ ಕಲ್ಲು ಇರುತ್ತಲ್ಲ, ಅದನ್ನೇ ತಗೊಂಡು ದಿನಾ ತಿಕ್ಕಿದೆ. ನಾಲ್ಕನೇ ದಿನ ರಕ್ತ. ಗುಳ್ಳೆ ಹೋಯಿತು, ಆ ಜಾಗದಲ್ಲೆಲ್ಲ ಕಪ್ಪು ಚುಕ್ಕಿ ಬಂತು. ಎರಡು ವಾರಕ್ಕೆ ಗುಳ್ಳೆ ವಾಪಸ್ ಬಂತು. ಕಪ್ಪು ಚುಕ್ಕಿ ಮಾತ್ರ ಒಂದು ವರ್ಷ ಆದರೂ ಹೋಗಲಿಲ್ಲ. ಮೊದಲು ಹತ್ತಿರ ಬಂದು ನೋಡಿದರೆ ಕಾಣುತ್ತಿತ್ತು, ಆಮೇಲೆ ರಸ್ತೆಯ ಆಚೆ ಬದಿಯಿಂದಲೂ ಕಾಣುವಂತಾಯಿತು.

ಇನ್ನೂ_ಡಾಕ್ಟ್ರಲ್ಲ

ಅಣ್ಣಾ, ಇದನ್ನು ದಿನಾ ನೋಡ್ತೇವೆ. ನಮ್ಮ ಕಂದು ಚರ್ಮಕ್ಕೆ ಸ್ವಲ್ಪ ಗಾಯ ಆದರೂ ಕಪ್ಪು ಕಲೆ ಉಳಿಯುತ್ತದೆ. ಗುಳ್ಳೆಗಿಂತ ಕಲೆ ತೆಗೆಯೋದೇ ಕಷ್ಟ. ಉಗುರಿನಿಂದ ಚಿವುಟೋದೂ ಬೇಡ.

ಔಷಧಿ_ಅಂಗಡಿ_ಹುಡುಗ (ಯಾದಗಿರಿ)

ಮೊದಲ ಪೋಸ್ಟಿನಲ್ಲಿ "ಒಂದು ಟ್ಯೂಬ್" ಅಂತ ಇದೆಯಲ್ಲ, ಅಲ್ಲಿಗೆ ನನ್ನ ಕಣ್ಣು ನಿಂತಿತು. ಹಚ್ಚಿದ ವಾರ ಚಂದ, ಬಿಟ್ಟ ಮೇಲೆ ಮೊದಲಿನಂತೆ ಅಂದರೆ ಸ್ಟೀರಾಯ್ಡ್ ಇರಬಹುದು. ಡಬ್ಬಿ ಮೇಲೆ ಕ್ಲೋಬೆಟಾಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಈ ಹೆಸರುಗಳಲ್ಲಿ ಯಾವುದಾದರೂ ಇದೆಯಾ ನೋಡಿ ಅಕ್ಕಾ.

ಅಂಗಡಿ ಈ ಬದಿಯಿಂದ ಹೇಳ್ತೇನೆ. ದಿನಕ್ಕೆ ಹತ್ತು ಜನ ಬಂದು "ಅದೇ ಹಚ್ಚೋ ಟ್ಯೂಬ್ ಕೊಡಿ" ಅಂತಾರೆ. ಗಜಕರ್ಣಕ್ಕೂ ಅದೇ, ಮೊಡವೆಗೂ ಅದೇ, ಮುಖ ಬೆಳ್ಳಗಾಗಲೂ ಅದೇ. 2018ರಲ್ಲಿ ಸರ್ಕಾರ ಸ್ಟೀರಾಯ್ಡ್ ಇರುವ 14 ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿತು. ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ನಾನು ಚೀಟಿ ಕೇಳಿದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾನೆ, ಮಾಲೀಕರು ನನ್ನ ಮುಖ ನೋಡ್ತಾರೆ.

ಬಿಸಿಲೂರ_ಮಗಳು

ಡಬ್ಬಿ ಹುಡುಕಿ ತೆಗೆದೆ. ಕ್ಲೋಬೆಟಾಸಾಲ್ ಇದೆ. ಜೊತೆಗೆ ಇನ್ನೂ ಎರಡು ಮೂರು ಹೆಸರು. ಒಟ್ಟು ಹತ್ತು ದಿನ ಹಚ್ಚಿದ್ದೆ. ಹೆದರಬೇಕಾ?

ಇನ್ನೂ_ಡಾಕ್ಟ್ರಲ್ಲ

ಹತ್ತು ದಿನಕ್ಕೆ ಹೆದರೋದು ಬೇಡ. ಆದರೆ ಅದನ್ನೇ ತಿಂಗಳಾನುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನರ ಕಾಣುತ್ತವೆ, ಬಸುರಿ ಹೊಟ್ಟೆ ಮೇಲೆ ಬರುವಂಥ ಗೆರೆಗಳು ತೋಳಿನ ಮೇಲೆ ಬೀಳುತ್ತವೆ. ಆ ಗೆರೆ ಬಿದ್ದರೆ ಹೋಗಲ್ಲ. ಗುಳ್ಳೆ ಸುತ್ತ ತುಂಬ ಕೆಂಪಾಗಿ ಉರಿ ಇದ್ದರೆ ನಾವೂ ಸೌಮ್ಯವಾದದ್ದನ್ನು ನಾಲ್ಕೈದು ದಿನಕ್ಕೆ ಬರೆಯೋದುಂಟು. ಕೆಂಪು ಇಳಿಸುವುದಕ್ಕೆ ಮಾತ್ರ. ಬಿರಡೆಯನ್ನು ಅದು ತೆಗೆಯೋದಿಲ್ಲ.

ಕುಸುಬಿ_ಹೂ (ಆಳಂದ)

ನೀವೆಲ್ಲ ಟ್ಯೂಬ್ ಟ್ಯೂಬ್ ಅಂತೀರಿ. ನಮ್ಮ ಮನೆಯಲ್ಲಿ ಯಾರಿಗೂ ಇದು ಇಲ್ಲ. ಯಾಕೆ ಹೇಳಿ? ಮೂರು ತಲೆಮಾರಿನಿಂದ ಕುಸುಬಿ ಎಣ್ಣೆಯೇ. ಒಗ್ಗರಣೆಗೂ ಅದೇ, ಮೈಗೂ ಅದೇ. ನಮ್ಮ ಮುತ್ಯಾ 80 ದಾಟಿದರೂ ಮೈ ಹಾವಿನಂತೆ ನುಣುಪಾಗಿತ್ತು.

ಇನ್ನೂ_ಡಾಕ್ಟ್ರಲ್ಲ

ಮುತ್ಯಾ ಅವರ ಮೈ ನುಣುಪಿಗೆ ಅವರ ತಂದೆ ತಾಯಿಯೂ ಕಾರಣ ಇರಬಹುದು! ಆದರೆ ಕುಸುಬಿ ಎಣ್ಣೆಯನ್ನು ತಳ್ಳಿಹಾಕೋದಿಲ್ಲ. ಅದರಲ್ಲಿ ಲಿನೋಲಿಕ್ ಆಮ್ಲ ಬಹಳ ಇದೆ. ಚರ್ಮದ ಮೇಲಿನ ಪದರ ಗಟ್ಟಿ ಇರಲು ಅದು ಬೇಕೇ ಬೇಕು. ಸ್ನಾನ ಆದ ತಕ್ಷಣ, ಮೈ ಇನ್ನೂ ಹಸಿ ಇರುವಾಗ ಹಚ್ಚಿದರೆ ನೀರಿನಂಶ ಉಳಿಯುತ್ತದೆ. ಆದರೆ ಈಗಾಗಲೇ ಕೂತಿರುವ ಬಿರಡೆಯನ್ನು ಎಣ್ಣೆ ಕರಗಿಸಲ್ಲ. ಅದಕ್ಕೆ ಯೂರಿಯಾ ಅಥವಾ ಲ್ಯಾಕ್ಟಿಕ್ ಆಮ್ಲ ಬೇಕು.

ಕುಸುಬಿ_ಹೂ

ಯೂರಿಯಾ? ಹೊಲಕ್ಕೆ ಹಾಕೋದು?

ಫರ್ಸಿಕಲ್ಲು

ನಮ್ಮಲ್ಲಿ ಹತ್ತಿಗೇ ಸಿಗಲ್ಲ ಯೂರಿಯಾ, ಇವರು ತೋಳಿಗೆ ಹಚ್ಚಿಕೊಳ್ತಾರಂತೆ 😄

ಇನ್ನೂ_ಡಾಕ್ಟ್ರಲ್ಲ

ಹೆಸರು ಅದೇ, ವಸ್ತುವೂ ಅದೇ. ಆದರೆ ಗೊಬ್ಬರದ ಚೀಲದಿಂದ ತೆಗೆದು ಹಚ್ಚೋದಲ್ಲ, ಯಾರೂ ಪ್ರಯೋಗ ಮಾಡಬೇಡಿ! ನಮ್ಮ ಚರ್ಮದಲ್ಲಿ ಯೂರಿಯಾ ಸಹಜವಾಗಿಯೇ ಇದೆ, ನೀರನ್ನು ಹಿಡಿದಿಡುವುದು ಅದರ ಕೆಲಸ. ಮುಲಾಮಿನಲ್ಲಿ 10ರಿಂದ 20 ಪರ್ಸೆಂಟ್ ಇದ್ದರೆ ನೀರನ್ನೂ ಹಿಡಿಯುತ್ತದೆ, ಗಟ್ಟಿಯಾದ ಕೆರಟಿನನ್ನೂ ಮೆತ್ತಗೆ ಮಾಡುತ್ತದೆ. 12 ಪರ್ಸೆಂಟ್ ಲ್ಯಾಕ್ಟಿಕ್ ಆಮ್ಲದ ಲೋಷನ್ ಕೂಡ ಹಾಗೇ. ಸ್ಯಾಲಿಸಿಲಿಕ್ ಆಮ್ಲ ಇರುವುದೂ ಸಿಗುತ್ತದೆ, ಆದರೆ ಸಣ್ಣ ಮಕ್ಕಳ ಮೈತುಂಬ ಅದನ್ನು ಹಚ್ಚಬಾರದು.

ಮೊದಲ ವಾರ ಚುರುಚುರು ಅನ್ನುತ್ತದೆ. ದಿನ ಬಿಟ್ಟು ದಿನ ಶುರು ಮಾಡಿ. ಗಾಯ ಆದ ಜಾಗಕ್ಕೆ, ಶೇವ್ ಅಥವಾ ವ್ಯಾಕ್ಸ್ ಮಾಡಿದ ದಿನ ಬೇಡ, ಉರಿ ಕಿತ್ತುಕೊಂಡು ಬರುತ್ತದೆ. ಫಲ ಕಾಣಲು ಕಡಿಮೆ ಅಂದರೂ ನಾಲ್ಕರಿಂದ ಆರು ವಾರ. ಇವುಗಳಿಗೆ ಒಗ್ಗದಿದ್ದರೆ ಅಥವಾ ಸಾಲದಿದ್ದರೆ ರಾತ್ರಿ ಹಚ್ಚುವ ಅಡಾಪಲೀನ್ ಅಥವಾ ಟ್ರೆಟಿನೋಯಿನ್ ಬರೆಯುತ್ತಾರೆ. ಅದನ್ನು ಡಾಕ್ಟರ್ ನೋಡಿಯೇ ಕೊಡಬೇಕು.

ಎರಡು_ಜಡೆ (ಬೀದರ್)

ನನಗೆ ಈಗ ನಾಲ್ಕನೇ ತಿಂಗಳು. ಮನೆಯಲ್ಲಿ ಅಡಾಪಲೀನ್ ಟ್ಯೂಬ್ ಇದೆ, ಮೊದಲು ಮೊಡವೆಗೆ ಕೊಟ್ಟಿದ್ದು. ತೋಳಿಗೆ ಹಚ್ಚಬಹುದಾ?

ಇನ್ನೂ_ಡಾಕ್ಟ್ರಲ್ಲ

ಬೇಡ. ಗರ್ಭಿಣಿಯರು ಅಡಾಪಲೀನ್, ಟ್ರೆಟಿನೋಯಿನ್ ಗುಂಪಿನ ಯಾವುದನ್ನೂ ಹಚ್ಚಬಾರದು. ಸದ್ಯಕ್ಕೆ ಸಾದಾ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಸಾಕು. ಬೇರೆ ಏನೇ ಇದ್ದರೂ ನಿಮ್ಮ ಡಾಕ್ಟರನ್ನು ಕೇಳಿ.

ಬೀದರ_ಕೋಟೆ

ಎಲ್ಲರೂ ನೀರಿನ ಬಗ್ಗೆ ಮಾತೇ ಎತ್ತಿಲ್ಲವಲ್ಲ! ಕಲಬುರಗಿ ಬೋರ್ ನೀರಿನಲ್ಲಿ ಸೋಪು ನೊರೆ ಬರಲ್ಲ, ಬಕೆಟ್ ಅಂಚಿಗೆ ಬಿಳಿ ಪದರ ಕಟ್ಟುತ್ತದೆ. ಅದೇ ಮೈಮೇಲೂ ಕಟ್ಟುತ್ತದೆ. ನಾನು ಅಲ್ಲಿ ಮೂರು ವರ್ಷ ಕೆಲಸ ಮಾಡಿದಾಗ ಮೈ ಎಲ್ಲ ಬಿಳಿ ಬಿಳಿ ಗೆರೆ. ಬೀದರಿಗೆ ವಾಪಸ್ ಬಂದ ಮೇಲೆ ಸರಿಯಾಯಿತು. ನಮ್ಮದು ಕೆಂಪು ಮುರಕಲ್ಲಿನ ನೆಲ, ನೀರು ಮೆದು. ನೌಬಾದ್ ಕಡೆ ಸುರಂಗ ಬಾವಿ ತೋಡಿದ ಬಹಮನಿ ಕಾಲದವರು ಸುಮ್ನೆ ತೋಡಿದ್ದಾ?

ಫರ್ಸಿಕಲ್ಲು

ಸುರಂಗ ಬಾವಿಗೂ ತೋಳಿನ ಗುಳ್ಳೆಗೂ ಏನು ಸಂಬಂಧ ರೀ.

ಆದರೆ ನೀರಿನ ಮಾತು ಒಪ್ಪುತ್ತೇನೆ. ನಮ್ಮ ಸೇಡಂ, ಶಹಾಬಾದ್ ಫರ್ಸಿಕಲ್ಲೇ ಸುಣ್ಣದಕಲ್ಲು. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದಿದ್ದೇ ಅದಕ್ಕೆ. ಆ ಕಲ್ಲಿನೊಳಗಿಂದ ಬರೋ ಬೋರ್ ನೀರು ಗಡಸಾಗದೆ ಮೆದು ಇರುತ್ತಾ? ನಮ್ಮ ಮನೆಯ ಗೀಸರ್ ಕಾಯಿಲ್ ವರ್ಷಕ್ಕೊಂದು ಹೋಗುತ್ತದೆ.

ತೊಗರಿಬ್ಯಾಳಿ

ಹಾಗಾದರೆ ನೀರು ಮೆದು ಮಾಡೋ ಯಂತ್ರ ಹಾಕಿಸಿದರೆ ಗುಳ್ಳೆ ಹೋಗುತ್ತಾ? ಒಬ್ಬರು ಮನೆಗೆ ಬಂದು ಹೀಗೇ ಹೇಳಿ ಮಾರಲು ನೋಡಿದರು. ಬೆಲೆ ಕೇಳಿ ಬಾಗಿಲು ಹಾಕಿದೆ.

ಇನ್ನೂ_ಡಾಕ್ಟ್ರಲ್ಲ

ಬಾಗಿಲು ಹಾಕಿದ್ದು ಒಳ್ಳೆಯದಾಯಿತು. ಈ ಗುಳ್ಳೆಗೇ ಅಂತ ಅಲ್ಲ, ಇಸುಬಿನ ಬಗ್ಗೆ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಪರೀಕ್ಷೆ ನಡೆದಿದೆ. 336 ಮಕ್ಕಳಲ್ಲಿ ಅರ್ಧ ಜನರ ಮನೆಗೆ ಯಂತ್ರ ಹಾಕಿದರು. 2011ರಲ್ಲಿ ಫಲಿತಾಂಶ ಬಂತು, ಯಂತ್ರದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಗಡಸು ನೀರಿನಿಂದ ಮೈ ಒಣಗೋದು ನಿಜ, ಸೋಪೂ ಜಾಸ್ತಿ ಬೇಕಾಗುತ್ತದೆ. ಆದರೆ ನನ್ನನ್ನು ಕೇಳಿದರೆ ನೀರು ಗಡಸು ಅನ್ನೋದಕ್ಕಿಂತ ನೀರು ಬಿಸಿ ಅನ್ನೋದು ದೊಡ್ಡ ತೊಂದರೆ. ಡಿಸೆಂಬರಿನಲ್ಲಿ ಹಂಡೆ ತುಂಬ ಕುದಿ ನೀರು ಕಾಸಿ ಅರ್ಧ ಗಂಟೆ ಸುರಿದುಕೊಳ್ಳೋದು. ಮೈಯೊಳಗಿನ ಎಣ್ಣೆ ಎಲ್ಲ ಹರಿದು ಬಚ್ಚಲ ಮೋರಿಗೆ ಹೋಗುತ್ತದೆ.

ಉಗುರುಬೆಚ್ಚಗಿನ ನೀರು, ಹತ್ತು ನಿಮಿಷ, ಸೋಪು ಕಂಕುಳು, ತೊಡೆಸಂದಿ, ಕಾಲಿಗೆ ಮಾತ್ರ. ಒರೆಸದೆ ಟವೆಲ್ ಒತ್ತಿ, ಬಚ್ಚಲಲ್ಲೇ ನಿಂತು ಮುಲಾಮು ಹಚ್ಚಿ. ಸೀರೆ ಉಟ್ಟು, ಪೂಜೆ ಮುಗಿಸಿ, ಚಹಾ ಕುಡಿದು ಹಚ್ಚಿದರೆ ಅಷ್ಟರಲ್ಲಿ ಮೈ ಒಣಗಿರುತ್ತದೆ.

ಹುಮನಾಬಾದ್_ವೈನಿ

ಬೀದರ್ ಚಳಿಯಲ್ಲಿ ಉಗುರುಬೆಚ್ಚಗಿನ ನೀರಾ? ನೀವೇ ಬಂದು ಒಂದು ದಿನ ಸ್ನಾನ ಮಾಡಿ ತೋರಿಸಪ್ಪಾ.

ಬೆಂಗಳೂರಿಗೆ_ಬಂದವ

ನಾನು ಮೂಲ ಜೇವರ್ಗಿ. ಒಂದು ವಿಷಯ ಗಮನಿಸಿದ್ದೇನೆ. ಎಲ್ಲಿ ಓದಿದರೂ "ಬೇಸಿಗೆಯಲ್ಲಿ ಇದು ಕಡಿಮೆಯಾಗುತ್ತೆ" ಅಂತ ಬರೆದಿರುತ್ತಾರೆ. ಊರಲ್ಲಿದ್ದಾಗ ನನಗೆ ಬೇಸಿಗೆಯಲ್ಲೂ ಕಡಿಮೆ ಆಗುತ್ತಿರಲಿಲ್ಲ. ಜೂನಿನಲ್ಲಿ ಮಳೆ ಬಿದ್ದ ಮೇಲೆಯೇ ಮೆತ್ತಗಾಗುತ್ತಿತ್ತು. ನಮ್ಮ ಬೇಸಿಗೆ 42 ಡಿಗ್ರಿಯ ಒಣ ಬೇಸಿಗೆ, ಕರಾವಳಿಯ ಹಾಗೆ ಜಿಗುಟು ಅಲ್ಲವಲ್ಲ. ಮಂಗಳೂರಿನಲ್ಲಿ ಆರು ತಿಂಗಳಿದ್ದೆ, ಆಗ ಗುಳ್ಳೆ ಇದ್ದದ್ದೇ ಮರೆತುಹೋಗಿತ್ತು. ಈಗ ಆಫೀಸಿನ ಎಸಿಯಲ್ಲಿ ದಿನವಿಡೀ ಕೂತು ಮತ್ತೆ ಶುರು.

ತೊಗರಿಬ್ಯಾಳಿ

ಸರಿಯಾದ ಮಾತು! ನೀರು ಹಾಕೋ ಕೂಲರ್ ಮುಂದೆ ಮಲಗುತ್ತಿದ್ದಾಗ ನನ್ನ ತೋಳು ಎಷ್ಟೋ ಪರವಾಗಿಲ್ಲ ಅನ್ನಿಸುತ್ತಿತ್ತು. ಮನೆಗೆ ಎಸಿ ಬಂದ ವರ್ಷವೇ ಜಾಸ್ತಿಯಾಗಿದ್ದು. ನಾನು ಮಾತ್ರ ಹೊಸ ಸೋಪಿನ ಮೇಲೆ ಗೂಬೆ ಕೂರಿಸಿದ್ದೆ.

ಸುರಪುರ_ಮಾಸ್ತರ (ಯಾದಗಿರಿ ಜಿಲ್ಲೆ)

ಒಂದು ಪ್ರಶ್ನೆ, ಇದೇ ವಿಷಯ ಅನ್ನಿಸಿದ್ದಕ್ಕೆ ಇಲ್ಲೇ ಕೇಳುತ್ತೇನೆ. ನಮ್ಮ ಶಾಲೆಯಲ್ಲಿ ಏಳೆಂಟು ಮಕ್ಕಳಿಗೆ ಮೊಣಕೈ, ಮೊಣಕಾಲಿನ ಮೇಲೆ ಮುಳ್ಳಿನಂಥ ಗುಳ್ಳೆಗಳಿವೆ. ಮುಟ್ಟಿದರೆ ಚುಚ್ಚುತ್ತವೆ. ಕಲ್ಲಿನ ನೆಲದ ಮೇಲೆ ಮೊಣಕಾಲೂರಿ ಆಡ್ತಾರೆ, ಅದಕ್ಕೇ ಅಂತ ತಾಯಂದಿರು ಹೇಳ್ತಾರೆ. ಇದೂ ಅದೇನಾ?

ಇನ್ನೂ_ಡಾಕ್ಟ್ರಲ್ಲ

ಸರ್, ಇದು ಬೇರೆ ಇರಬಹುದು. ದಯವಿಟ್ಟು ಆ ಮಕ್ಕಳನ್ನು ತೋರಿಸಿ. ಫ್ರೈನೋಡರ್ಮಾ ಅಂತ ಒಂದಿದೆ. ಗ್ರೀಕ್ ಮೂಲದ ಆ ಹೆಸರಿಗೆ ಕಪ್ಪೆಚರ್ಮ ಅಂತಲೇ ಅರ್ಥ. 1933ರಲ್ಲಿ ನಿಕೋಲ್ಸ್ ಎನ್ನುವ ವೈದ್ಯರು ಇಟ್ಟ ಹೆಸರು. ತೋಳಿನ ಹಿಂಭಾಗಕ್ಕಿಂತ ಮೊಣಕೈ, ಮೊಣಕಾಲು, ಕುಂಡೆಯ ಮೇಲೆ ಜಾಸ್ತಿ. ಗುಳ್ಳೆ ದೊಡ್ಡದು, ನಡುವೆ ಮೊಳೆ ಹೊಡೆದ ಹಾಗಿರುತ್ತದೆ. ಊಟದಲ್ಲಿ ಒಳ್ಳೆಯ ಎಣ್ಣೆ, ಎ ಮತ್ತು ಬಿ ವಿಟಮಿನ್, ಪ್ರೋಟೀನ್ ಇವುಗಳ ಕೊರತೆಗೂ ಅದಕ್ಕೂ ಸಂಬಂಧವಿದೆ. ಮೊಣಕೈ ಊರುವ ಒತ್ತಡವೂ ಸೇರುತ್ತದೆ, ಹಾಗಾಗಿ ತಾಯಂದಿರ ಮಾತು ಪೂರ್ತಿ ಸುಳ್ಳಲ್ಲ.

ಸಂಜೆ ಕತ್ತಲಾದ ಮೇಲೆ ಆ ಮಕ್ಕಳು ಎಡವುತ್ತಾರಾ ಅಂತ ಮನೆಯವರನ್ನು ಕೇಳಿ. ಇರುಳುಗಣ್ಣು ಇದ್ದರೆ ತಡಮಾಡಬೇಡಿ.

ಕುಸುಬಿ_ಹೂ

ನೋಡಿದ್ರಾ! ಒಳ್ಳೆಯ ಎಣ್ಣೆ ಅಂತ ಡಾಕ್ಟ್ರ ಬಾಯಲ್ಲೇ ಬಂತು.

ಇನ್ನೂ_ಡಾಕ್ಟ್ರಲ್ಲ

ಈ ವಿಷಯದಲ್ಲಿ ನೀವು ಗೆದ್ದಿರಿ. ಕಪ್ಪೆಚರ್ಮಕ್ಕೆ ಕುಸುಬಿ ಎಣ್ಣೆ ಹೊಟ್ಟೆಗೆ ಹೋಗೋದು ಒಳ್ಳೆಯದೇ. ತೋಳಿನ ಗುಳ್ಳೆ ವಿಷಯದಲ್ಲಿ ಇನ್ನೂ ಗೆದ್ದಿಲ್ಲ.

ಸುರಪುರ_ಮಾಸ್ತರ

ಧನ್ಯವಾದ. ಸೋಮವಾರ ಆರೋಗ್ಯ ಕೇಂದ್ರದವರಿಗೆ ಹೇಳುತ್ತೇನೆ. 2021ರ ಡಿಸೆಂಬರಿನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡೋದು ಮೊದಲು ನಮ್ಮ ಭಾಗದ ಜಿಲ್ಲೆಗಳಲ್ಲೇ ಶುರುವಾಗಿದ್ದು. ಮೇಲೆ ಯಾರೋ ಗುಳ್ಳೆ ಬಂದರೆ ಮೊಟ್ಟೆ ಬಿಡಿ ಅಂದಿದ್ದಾರಲ್ಲ, ಇಲ್ಲಿನ ತಾಯಂದಿರೂ ಅದನ್ನೇ ಹೇಳಿ ಇಬ್ಬರು ಮಕ್ಕಳಿಗೆ ಮೊಟ್ಟೆ ಬಿಡಿಸಿದ್ದಾರೆ.

ಹುಮನಾಬಾದ್_ವೈನಿ

ನಾನೇ ಅಂದಿದ್ದು. ತಪ್ಪಾಯ್ತು ಮಾಸ್ತರೇ. ನಮಗೆ ಹಿರಿಯರು ಹೇಳಿದ್ದನ್ನು ನಾವು ಹೇಳ್ತೇವೆ. ಮಕ್ಕಳಿಗೆ ತಿನ್ನಿಸಲಿ.

ಮೊಂಡ_ಪ್ರಶ್ನೆ

ಲೇಸರ್?

ಇನ್ನೂ_ಡಾಕ್ಟ್ರಲ್ಲ

ಇದೆ. ನಾಲ್ಕೈದು ಸಲ ಹೋಗಬೇಕು, ದುಡ್ಡು ಬಹಳ. ಕೆಂಪು ಅಥವಾ ಕೂದಲು ಕಡಿಮೆಯಾಗಬಹುದು, ಗುಳ್ಳೆ ವಾಪಸ್ ಬರಬಹುದು. ಕಂದು ಚರ್ಮದ ಮೇಲೆ ಅಜಾಗರೂಕತೆಯಿಂದ ಮಾಡಿದರೆ ಕಪ್ಪು ಕಲೆ. ನಾನಾದರೆ ಅದೇ ದುಡ್ಡಿನಲ್ಲಿ ಹತ್ತು ವರ್ಷದ ಮುಲಾಮು ತಗೋತೇನೆ.

ಬಿಸಿಲೂರ_ಮಗಳು · ನವೆಂಬರ್ 29

ಒಂದು ವಿಷಯ ಹೇಳಲೇಬೇಕು. ಮನೆತನದಲ್ಲಿ ಬರುತ್ತೆ ಅಂದಿದ್ದಿರಲ್ಲ. ಅಮ್ಮನ ತೋಳು ನೋಡಿದೆ, ಏನೂ ಇಲ್ಲ. ಅಪ್ಪ ನಿನ್ನೆ ಭಾನುವಾರ ಅಂತ ಬನಿಯನ್ ಹಾಕಿಕೊಂಡು ಅಂಗಳದಲ್ಲಿ ಪೇಪರ್ ಓದುತ್ತಿದ್ದರು. ಹಿಂದಿನಿಂದ ಹೋಗಿ ತೋಳು ಮುಟ್ಟಿದೆ. ಖರಖರ! ನನಗಿಂತ ಜಾಸ್ತಿ ಇದೆ. ಭುಜದ ತನಕ ಹೋಗಿದೆ.

"ಅಪ್ಪಾ, ಇದೇನು?" ಅಂದೆ. "ಏನಿಲ್ಲವ್ವಾ, ಮೊದಲಿಂದ ಹಿಂಗೇ ಅದ" ಅಂದರು. ಹೆಸರು ಹೇಳಿದೆ. "ಇದಕ್ಕ ಹೆಸರು ಬ್ಯಾರೆ ಅದಾ?" ಅಂತ ನಕ್ಕು ಪೇಪರ್ ತಿರುಗಿಸಿದರು.

ನನಗೆ ನಗು ಬರಲಿಲ್ಲ. ಪುಕ್ಕ ಕಿತ್ತ ಕೋಳಿ ಅಂದಿದ್ದು ಇದೇ ಅಪ್ಪನ ತಾಯಿ. 58 ವರ್ಷ ಮಗನ ತೋಳು ಕಣ್ಣಿಗೆ ಬಿದ್ದಿಲ್ಲ, ಮೊಮ್ಮಗಳದ್ದು ಬಿದ್ದಿದೆ. ಅಪ್ಪನಿಗೆ ಯಾರೂ ಒಂದು ಮಾತೂ ಹೇಳಿಲ್ಲ, ಹಾಗಾಗಿ ಅವರಿಗೆ ಅದು ಕಾಯಿಲೆಯೇ ಅಲ್ಲ.

ತೊಗರಿಬ್ಯಾಳಿ

ಈ ಪೋಸ್ಟ್ ಮೂರು ಸಲ ಓದಿದೆ.

ಹುಮನಾಬಾದ್_ವೈನಿ

ನಿಜ ತಂಗಿ. ಆದರೂ ಒಂದು ಮಾತು. ಸುರಗಿ ದಿನಕ್ಕೆ ಕುಪ್ಪಸದ ತೋಳು ಮೊಣಕೈ ತನಕ ಇಟ್ಟು ಹೊಲಿಸಿಬಿಡು. ಯಾರ ಬಾಯಿಗೂ ಸಿಗೋದು ಬೇಡ.

ತೊಗರಿಬ್ಯಾಳಿ

ವೈನಿ, ಮಾರ್ಚ್‌ನಲ್ಲಿ, ಕಲಬುರಗಿಯಲ್ಲಿ, ಛತ್ರದಲ್ಲಿ, ಮೊಣಕೈ ತನಕ? ಹದಿನೈದು ವರ್ಷ ನಾನು ಮಾಡಿದ್ದು ಅದೇ. ಬೆವರುಸಾಲೆ ಬಂತು, ಗುಳ್ಳೆ ಹೋಗಲಿಲ್ಲ. ಅವಳಿಗೆ ಬೇಕಾದ ತೋಳು ಅವಳು ಹೊಲಿಸಿಕೊಳ್ಳಲಿ.

ಹುಮನಾಬಾದ್_ವೈನಿ

ನಾನು ಅವಳ ಒಳ್ಳೆಯದಕ್ಕೇ ಹೇಳಿದ್ದು.

ತೊಗರಿಬ್ಯಾಳಿ

ಅವಳ ಆಯಿಯೂ ಒಳ್ಳೆಯದಕ್ಕೇ ಹೇಳಿದ್ದು.

ನಿರ್ವಾಹಕ

ಇಬ್ಬರೂ ಒಂದು ಲೋಟ ನೀರು ಕುಡೀರಿ. ಬೀದರಿನದ್ದಾದರೂ ಸರಿ, ಸೇಡಂನದ್ದಾದರೂ ಸರಿ.

ಗಂಡಸರೂ_ಇದ್ದೇವೆ

ಅಪ್ಪನಿಗೆ ಯಾರೂ ಹೇಳಿಲ್ಲ ಅನ್ನೋದು ಅವರ ಕಾಲಕ್ಕೆ ಸರಿ. ನನಗೆ ಜಿಮ್ಮಿನಲ್ಲಿ "ಕುಷ್ಠ ಇದೆಯೇನೋ, ಡಂಬೆಲ್ ಒರೆಸಿ ಕೊಡು" ಅಂದವರಿದ್ದಾರೆ. ಅಷ್ಟೇ ಹೇಳೋದಿತ್ತು.

ಇನ್ನೂ_ಡಾಕ್ಟ್ರಲ್ಲ

ಕುಷ್ಠದಲ್ಲಿ ಹೀಗೆ ಕೂದಲ ಬುಡಕ್ಕೊಂದರಂತೆ ಗುಳ್ಳೆ ಬರೋದಿಲ್ಲ. ಅಲ್ಲಿ ನೋಡಬೇಕಾದ್ದು ಬಣ್ಣ ಕಳೆದುಕೊಂಡ ಮಚ್ಚೆ, ಆ ಜಾಗ ಮುಟ್ಟಿದರೆ ಗೊತ್ತಾಗದಿರುವುದು. ಅಂಥದ್ದು ಯಾರಿಗೇ ಇದ್ದರೂ ನಾಚಿಕೆ ಬಿಟ್ಟು ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಪೂರ್ತಿ ವಾಸಿಯಾಗುತ್ತದೆ. ಡಂಬೆಲ್‌ನಿಂದ ಯಾರಿಗೂ ಬರಲ್ಲ.

ಬೀದರ_ಕೋಟೆ

ಕುಸುಬಿ ಎಣ್ಣೆ ಅಂದಿರಲ್ಲ, ನಿಜವಾದದ್ದು ಈಗ ಎಲ್ಲಿ ಸಿಗುತ್ತೆ? ಅಂಗಡಿಯದ್ದರಲ್ಲಿ ಏನು ಬೆರೆಸಿದ್ದಾರೋ ಗೊತ್ತಾಗಲ್ಲ.

ಕುಸುಬಿ_ಹೂ

ಮರದ ಗಾಣದ್ದೇ ತಗೋಬೇಕು. ಬೆಳೆಯೋರೇ ಕಡಿಮೆಯಾಗಿದ್ದಾರೆ ರೀ. ಕುಸುಬಿ ಕೊಯ್ಯಲು ಆಳು ಬರಲ್ಲ, ಗಿಡದ ತುಂಬ ಮುಳ್ಳು. ಮೊದಲೆಲ್ಲ ಕೈಕಾಲಿಗೆ ಬಟ್ಟೆ ಸುತ್ತಿಕೊಂಡು ನಸುಕಿನಲ್ಲಿ, ಇಬ್ಬನಿಗೆ ಮುಳ್ಳು ಮೆತ್ತಗಿರುವಾಗ ಕೊಯ್ಯುತ್ತಿದ್ದರು. ಈಗ ಎಲ್ಲರೂ ತೊಗರಿ, ಕಡಲೆ.

ಇನ್ನೂ_ಡಾಕ್ಟ್ರಲ್ಲ

ಇಬ್ಬನಿಗೆ ಮುಳ್ಳು ಮೆತ್ತಗಾಗುವುದು! ಇನ್ನು ಮುಂದೆ ರೋಗಿಗಳಿಗೆ ಮಾಯಿಶ್ಚರೈಸರ್ ಕೆಲಸ ಹೀಗೇ ಹೇಳ್ತೇನೆ, ನಿಮ್ಮ ಅಪ್ಪಣೆ ಇದ್ದರೆ.

ಕುಸುಬಿ_ಹೂ

ಹೇಳಿ. ಆಳಂದದವರು ಹೇಳಿದ್ದು ಅನ್ನಿ.

ಬಿಸಿಲೂರ_ಮಗಳು · ಜನವರಿ 18

ಕೇಳಿದವರೆಲ್ಲರಿಗೂ: ಏಳು ವಾರ ಆಯಿತು. ಊರಿನ ಚರ್ಮದ ಡಾಕ್ಟರಿಗೆ ತೋರಿಸಿದೆ. ಎರಡು ನಿಮಿಷ ನೋಡಿ ಇದೇ ಹೆಸರು ಹೇಳಿದರು. ಯೂರಿಯಾ ಮತ್ತು ಲ್ಯಾಕ್ಟಿಕ್ ಆಮ್ಲ ಎರಡೂ ಇರುವ ಲೋಷನ್ ಬರೆದುಕೊಟ್ಟರು. ನಾರು ಬಿಟ್ಟೆ. ಬಿಸಿನೀರು ಪೂರ್ತಿ ಬಿಡಲಾಗಲಿಲ್ಲ, ಕಡಿಮೆ ಮಾಡಿದ್ದೇನೆ. ಮೊದಲ ಎರಡು ವಾರ ಏನೂ ಆಗಲಿಲ್ಲ, ಉರಿ ಬೇರೆ. ಬಿಟ್ಟುಬಿಡೋಣ ಅನ್ನಿಸಿತ್ತು. ಐದನೇ ವಾರ ಒಂದು ರಾತ್ರಿ ಮಗ್ಗುಲಾಗಿ ಮಲಗಿದಾಗ ತೋಳಿನ ಮೇಲೆ ಕೈ ಬಿತ್ತು. ಮೆತ್ತಗಿತ್ತು. ಎದ್ದು ದೀಪ ಹಾಕಿ ನೋಡಿದೆ. ಗುಳ್ಳೆ ಇವೆ, ಮುಕ್ಕಾಲು ತಗ್ಗಿವೆ. ಕೆಂಪು ಚುಕ್ಕಿಗಳು ಇನ್ನೂ ಇವೆ.

ಸಂಕ್ರಾಂತಿಗೆ ಮೂರು ದಿನ ಊರಿಗೆ ಹೋದಾಗ ಲೋಷನ್ ಮರೆತಿದ್ದೆ. ನಾಲ್ಕನೇ ದಿನಕ್ಕೆ ಮತ್ತೆ ಸ್ವಲ್ಪ ಖರಖರ. ಹಲ್ಲುಜ್ಜುವ ಹಾಗೆ ದಿನಾ ಮಾಡಬೇಕಾದ ಕೆಲಸ ಅಂತ ಆಗ ಅರ್ಥ ಆಯಿತು.

ಕುಪ್ಪಸ ಹೊಲಿಯಲು ಹಾಕಿದ್ದೇನೆ. ತೋಳು ಗಿಡ್ಡ. ವೈನಿ, ಬೇಜಾರು ಮಾಡಿಕೊಳ್ಳಬೇಡಿ, ನೀವು ಮದುವೆಗೆ ಬರಲೇಬೇಕು.

ಇನ್ನೊಂದು. ಬಾಟಲಿ ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತಿದೆ. ಅಮ್ಮ ಅಲ್ಲ, ತಮ್ಮ ಅಲ್ಲ. ಅಪ್ಪ ಬೆಳಿಗ್ಗೆ ಬಚ್ಚಲಿಂದ ಹೊರಗೆ ಬಂದಾಗ ಅದೇ ವಾಸನೆ.

ಹುಮನಾಬಾದ್_ವೈನಿ

ಬರ್ತೇನೆ ತಂಗಿ. ನಾನೇ ಅರಿಶಿಣ ಹಚ್ತೇನೆ. ಯಾರು ಏನಂತಾರೋ ನೋಡೋಣ.

ಔಷಧಿ_ಅಂಗಡಿ_ಹುಡುಗ

ಅಕ್ಕಾ, ಅಪ್ಪನಿಗೆ ಬೇರೆ ಬಾಟಲಿ ಕೊಡಿಸಿ.

ಫರ್ಸಿಕಲ್ಲು

ನಾನೂ ನನ್ನ ತೋಳು ನೋಡಿಕೊಂಡೆ. ಇದೆ. ಕಾಮಕಸ್ತೂರಿ ಬೀಜ ಇಪ್ಪತ್ತು ವರ್ಷದಿಂದ ಕುಡೀತಾ ಇದ್ದೇನೆ.